ರೀಫ್ ಟ್ಯಾಂಕಲ್ಲಿ ಹವಳ ಬಾಡ್ತಿದ್ಯಾ? ಬಾಟ್ಲಿ ಕೊಳ್ಳೋ ಮುಂಚೆ ನೀರು ಚೆಕ್ ಮಾಡಿ

ರೀಫ್ ಟ್ಯಾಂಕ್ ಅಂದ್ರೆ ಜೀವಂತ ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ. ಅದರಲ್ಲಿ ಒಂದೆರಡು ದಿನ ಹವಳ ಮುದುಡಿಕೊಂಡ್ರೆ ಗಾಬರಿ ಬೀಳೋದೇನೂ ಬೇಡ, ಆದ್ರೆ ವಾರ ಕಳೆದ್ರೂ ಬಿಚ್ಚಿಕೊಳ್ತಿಲ್ಲ, ಬಣ್ಣ ಮಾಸ್ತಾ ಇದೆ, ಪಕ್ಕದಲ್ಲಿರೋದೂ ಸೊರಗ್ತಿದೆ ಅಂದ್ರೆ ಎಲ್ಲೋ ಏನೋ ಕೆಟ್ಟಿದೆ ಅಂತಾನೇ ಅರ್ಥ. ಇಂಥ ಹೊತ್ತಲ್ಲಿ ಸುಮಾರು ಜನ ಸೀದಾ ಅಂಗಡಿಗೆ ಹೋಗಿ ಯಾವುದೋ ಬಾಟ್ಲಿ ತಂದು ಟ್ಯಾಂಕಿಗೆ ಸುರೀತಾರೆ, ದಯವಿಟ್ಟು ಆ ಕೆಲಸ ಮಾಡ್ಬೇಡಿ. ನಮ್ಮ ಬೆಂಗಳೂರಿಗೆ ಕಡಲು ಅಂದ್ರೆ ರಸ್ತೇಲಿ 350 ಕಿಲೋಮೀಟರ್ ದೂರ, ಇಲ್ಲಿನ ರೀಫ್ ಟ್ಯಾಂಕಲ್ಲಿರೋ ಒಂದೊಂದು ಹನೀನೂ ನಾವೇ ಮನೇಲಿ ಉಪ್ಪು ಬೆರೆಸಿ ಮಾಡಿದ್ದು, ಹಾಗಾಗಿ ಹುಡುಕಾಟ ಆ ನೀರಿಂದಾನೇ ಶುರುವಾಗ್ಬೇಕು.

ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಕಲ್ಲಿನಂಥ ಅಸ್ಥಿಪಂಜರ ಇರೋ ಗಟ್ಟಿ ಹವಳಗಳೆಲ್ಲ, ಜೊತೆಗೆ ಸೀ ಫ್ಯಾನ್, ಬ್ಲ್ಯಾಕ್ ಕೋರಲ್, ಫೈರ್ ಕೋರಲ್, ಆರ್ಗನ್ ಪೈಪ್, ಇವೆಲ್ಲಾ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಅಂದ್ರೆ ಹುಲಿಗೆ ಇರೋ ಅದೇ ಶೆಡ್ಯೂಲು. ಅಂಗಡೀಲಿ ಯಾರಾದ್ರೂ ಕೊಡ್ತೀನಿ ಅಂದ್ರೂ ತಗೋಬೇಡಿ. ಇಲ್ಲಿ ಹೇಳ್ತಿರೋದು ಲೆದರ್, ಮಶ್ರೂಮ್, ಝೋವಾ, ಝೀನಿಯಾ ಥರದ ಮೆತ್ತನೆ ಹವಳಗಳ ಬಗ್ಗೆ, ಚೆಂದದ ಟ್ಯಾಂಕ್ ಕಟ್ಟೋಕೆ ಅವು ಧಾರಾಳವಾಗಿ ಸಾಕು.

ಮೊದಲು ಸುಮ್ನೆ ನಿಂತು ನೋಡಿ

ಸೊರಗಿರೋದು ಒಂದೇ ಹವಳಾನಾ ಎಲ್ಲವೂನಾ? ಒಂದೇ ಆದ್ರೆ ಲೈಟು, ನೀರಿನ ಹರಿವು, ಪಕ್ಕದಲ್ಲಿ ಕುಟುಕೋ ಹವಳ, ಇಲ್ಲಾ ಹುಳ, ಇಷ್ಟರಲ್ಲೇ ಉತ್ತರ ಇರತ್ತೆ. ಎಲ್ಲವೂ ಒಟ್ಟಿಗೆ ಮುದುಡಿದ್ರೆ ಅದು ನೀರಿನ ಸಮಸ್ಯೆ. ಕಳೆದ ಎರಡು ಮೂರು ವಾರದಲ್ಲಿ ಮನೇಲಿ ಏನೇನು ಬದಲಾಯ್ತು ಅಂತ ಮನೆಯವರನ್ನೂ ಕೇಳಿ ಒಂದು ಚೀಟೀಲಿ ಬರ್ಕೊಳಿ: ಹೊಸ ಉಪ್ಪಿನ ಪ್ಯಾಕೆಟ್, ಹೊಸ ಲೈಟು, ಗೋಡೆಗೆ ಪೇಂಟು, ಜಿರಳೆಗೆ ಸ್ಪ್ರೇ, ಬೋರ್ ಬತ್ತಿ ಟ್ಯಾಂಕರ್ ತರಿಸಿದ್ದು.

ಲೆದರ್ ಕೋರಲ್ ಸಾಕಿರೋರಿಗೆ ಇದನ್ನ ವಿಶೇಷವಾಗಿ ಹೇಳ್ಬೇಕು. ಅದು ಆಗಾಗ ಪಾಲಿಪ್‌ಗಳನ್ನೆಲ್ಲ (ಮೈಮೇಲೆ ಹೂವಿನ ಥರ ಬಿಚ್ಚಿಕೊಳ್ಳೋ ಪುಟ್ಟ ಬಾಯಿಗಳು) ಒಳಗೆ ಎಳ್ಕೊಂಡು, ಮೈಮೇಲೆ ಮೇಣದ ಥರ ಹೊಳೆಯೋ ತೆಳು ಪೊರೆ ಕಟ್ಕೊಂಡು ಒಂದು ವಾರ, ಕೆಲವು ಸಲ ಇನ್ನೂ ಜಾಸ್ತಿ ದಿನ ಹಾಗೇ ಕೂತಿರತ್ತೆ, ಆಮೇಲೆ ಆ ಪೊರೆ ಚೂರು ಚೂರಾಗಿ ಕಿತ್ತು ಬಂದು ಒಳಗಿಂದ ಹೊಸ ಪಾಲಿಪ್ ಆಚೆ ಬರತ್ತೆ. ಅದು ಕಾಯಿಲೆ ಅಲ್ಲ. ಆ ಪೊರೆ ಬೇಗ ಕೊಚ್ಚಿ ಹೋಗೋ ಹಾಗೆ ಹರಿವು ಸ್ವಲ್ಪ ಜಾಸ್ತಿ ಮಾಡಿ, ಬೇರೇನೂ ಮಾಡ್ಬೇಡಿ.

ಉಪ್ಪು ಮತ್ತು ಬಿಸಿ

ನೀರಿನ ಉಪ್ಪು ಅಳೆಯೋ ರಿಫ್ರ್ಯಾಕ್ಟೋಮೀಟರ್ ಹೇಳೋದನ್ನ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ, 35 ಪಿಪಿಟಿ (ಸಾವಿರದಲ್ಲಿ 35 ಭಾಗ ಉಪ್ಪು) ಕ್ಯಾಲಿಬ್ರೇಶನ್ ದ್ರಾವಣ ಒಂದೆರಡು ಹನಿ ಹಾಕಿ ಸರಿ ಮಾಡ್ಕೊಂಡೇ ಟ್ಯಾಂಕ್ ನೀರು ಅಳೀರಿ. ಸ್ಪೆಸಿಫಿಕ್ ಗ್ರ್ಯಾವಿಟಿ, ಅಂದ್ರೆ ಶುದ್ಧ ನೀರಿಗಿಂತ ಇದು ಎಷ್ಟು ಸಾಂದ್ರ ಅನ್ನೋ ಲೆಕ್ಕ, 1.025ರಿಂದ 1.026 ಇರ್ಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮೂರ ಗಾಳಿ ಒಣಗಿರತ್ತೆ, ಟ್ಯಾಂಕಿನ ನೀರು ಜೋರಾಗಿ ಆವಿ ಆಗತ್ತೆ, ಆವಿ ಆಗೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯತ್ತೆ, ಕಮ್ಮಿ ಆಗಿದ್ದಕ್ಕೆ ಯಾರಾದ್ರೂ ಉಪ್ಪುನೀರನ್ನೇ ಸುರಿದ್ರೆ ವಾರದಿಂದ ವಾರಕ್ಕೆ ಉಪ್ಪು ಏರ್ತಾನೇ ಹೋಗತ್ತೆ. ಆವಿ ಆಗಿದ್ದಕ್ಕೆ ಯಾವಾಗ್ಲೂ ಉಪ್ಪಿಲ್ಲದ ಶುದ್ಧ ನೀರು. ಉಪ್ಪು ಆಗ್ಲೇ ಏರಿಬಿಟ್ಟಿದ್ರೆ ಒಂದೇ ಸಲ ಇಳಿಸಬೇಡಿ, ದಿನಕ್ಕೆ 0.001ರಷ್ಟು ಇಳಿದ್ರೆ ಸಾಕು.

ಬಿಸಿ 24ರಿಂದ 27 ಡಿಗ್ರಿ ಒಳಗಿರ್ಲಿ. 29, 30 ಆಗಿ ದಿನಗಟ್ಟಲೆ ಅಲ್ಲೇ ನಿಂತ್ರೆ ಹವಳ ತನ್ನೊಳಗಿನ ಪಾಚಿಯನ್ನ ಆಚೆ ತಳ್ಳಿ ಬೆಳ್ಳಗಾಗತ್ತೆ. ಊರಲ್ಲಿ 35 ದಾಟೋ ದಿನಗಳಲ್ಲಿ ನೀರಿನ ಮೇಲ್ಮೈಗೆ ಬೀಸೋ ಹಾಗೆ ಒಂದು ಸಣ್ಣ ಫ್ಯಾನ್ ಇಟ್ರೆ 2-3 ಡಿಗ್ರಿ ಇಳಿಯತ್ತೆ, ಬೇಸಿಗೇಲಿ ಇದು ಚೆನ್ನಾಗಿ ಕೆಲಸ ಮಾಡತ್ತೆ, ಮಳೆಗಾಲದ ತೇವದಲ್ಲಿ ಅಷ್ಟಿಲ್ಲ. ಲೈಟು ಉರಿಯೋ ಟೈಮನ್ನ ಮಧ್ಯಾಹ್ನದಿಂದ ಸಂಜೆ ಮೇಲಕ್ಕೆ ತಳ್ಳಿದ್ರೂ ಸ್ವಲ್ಪ ತಣ್ಣಗಿರತ್ತೆ.

ಬೆರೆಸೋ ನೀರು ಎಲ್ಲಿಂದ ಬಂತು

ಎಡವಟ್ಟು ಹೆಚ್ಚಾಗಿ ಆಗೋದೇ ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಾವೇರಿ ನೀರಲ್ಲಿ ಕ್ಲೋರಿನ್ ಇರತ್ತೆ, ಬೋರ್‌ವೆಲ್ ನೀರಲ್ಲಿ ಗಡಸುತನ, ನೈಟ್ರೇಟು, ಏರಿಯಾಕ್ಕೊಂದು ಥರ, ಟ್ಯಾಂಕರ್ ನೀರಂತೂ ಇವತ್ತೊಂದು ಕಡೆಯಿಂದ ಬಂದ್ರೆ ನಾಳೆ ಇನ್ನೊಂದು ಕಡೆಯಿಂದ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಇದೆಯಲ್ಲಾ ಅಂತ ಧೈರ್ಯವಾಗಿರ್ಬೇಡಿ, ಅದು ಕ್ಯಾಲ್ಸಿಯಂ ತಗೊಂಡು ಸೋಡಿಯಂ ಕೊಡತ್ತೆ ಅಷ್ಟೇ, ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಒಟ್ಟು ಪದಾರ್ಥ, ಹೆಚ್ಚುಕಮ್ಮಿ ಅಷ್ಟೇ ಇರತ್ತೆ.

ಅಡುಗೆಮನೆಯ ಆರ್‌ಓ ನೀರು ಕುಡಿಯೋಕೆ ಒಳ್ಳೇದು, ಹವಳಕ್ಕಲ್ಲ. ರುಚಿಗೆ ಅಂತ ಆ ಮಶೀನಲ್ಲಿ ಒಂದಿಷ್ಟು ಫಿಲ್ಟರ್ ಆಗದ ನೀರನ್ನ ವಾಪಸ್ ಬೆರೆಸ್ತಾರೆ ಇಲ್ಲಾ ಮಿನರಲ್ ಹಾಕ್ತಾರೆ. ಇದಕ್ಕಿಂತ ಅಪಾಯದ್ದು ಈಗ ಬರ್ತಿರೋ ಕಾಪರ್ ಕಾರ್ಟ್ರಿಜ್ ಇರೋ ಪ್ಯೂರಿಫೈಯರ್‌ಗಳು. ತಾಮ್ರ ನಮಗೆ ಒಳ್ಳೇದಂತ ಹಾಕಿರ್ತಾರೆ, ಆದ್ರೆ ಹವಳಕ್ಕೆ, ಸೀಗಡಿಗೆ, ಬಸವನಹುಳಕ್ಕೆ ಅದು ಸ್ವಲ್ಪವೇ ಇದ್ರೂ ವಿಷ. ಆವಿ ಆಗಿದ್ದಕ್ಕೆ ನೀವು ಹಾಕೋ ನೀರು ಆ ನಲ್ಲಿಯಿಂದ ಬರ್ತಿದ್ರೆ ಇವತ್ತೇ ನಿಲ್ಲಿಸಿ. ಟ್ಯಾಂಕಿಗೆ ಅಂತ ಬೇರೆ ಆರ್‌ಓ ಹಾಕಿ, ಅದರ ಕೊನೇಲಿ ಡಿಐ ರೆಸಿನ್ (ಉಳಿದಿರೋ ಲವಣಾಂಶವನ್ನೂ ಹೀರೋ ಹರಳು) ಇರ್ಲಿ, ಹತ್ತಿಪ್ಪತ್ತು ರೂಪಾಯಿಯ ಕೆಲಸ ಅಲ್ಲ ನಿಜ, ಆದ್ರೂ ಮೊದಲ ಖರ್ಚು ಇದೇ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯ. ಆಚೆ ಬರೋ ನೀರಿಗೆ ಟಿಡಿಎಸ್ ಮೀಟರ್ ಅದ್ದಿದ್ರೆ 0 ತೋರಿಸ್ಬೇಕು, 2, 3 ಅಂತ ಏರೋಕೆ ಶುರುವಾದ್ರೆ ರೆಸಿನ್ ಮುಗೀತು ಅಂತ. ಬೋರ್ ನೀರಾದ್ರೆ ರೆಸಿನ್ನೂ ಮೆಂಬ್ರೇನೂ ಬೇಗ ಸವೆಯತ್ತೆ. ಆರ್‌ಓ ಆಚೆ ಬಿಡೋ ನೀರನ್ನ ಚರಂಡಿಗೆ ಬಿಡ್ಬೇಡಿ, ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಹಿಡಿದಿಡಿ, ಈ ಊರಲ್ಲಿ ನೀರಿನ ಕಷ್ಟ ಏನಂತ ಎಲ್ರಿಗೂ ಗೊತ್ತು.

ತಾಮ್ರ ಬೇರೆ ದಾರೀಲೂ ಬರತ್ತೆ. ಮೀನಿಗೆ ಬಿಳಿಚುಕ್ಕೆ ಬಂದಾಗ ಹಾಕೋ ಸುಮಾರು ಔಷಧಿಗಳಲ್ಲಿ ತಾಮ್ರ ಇರತ್ತೆ, ಅದನ್ನ ಬೇರೆ ಟ್ಯಾಂಕಲ್ಲೇ ಕೊಡ್ಬೇಕು, ಒಂದ್ಸಲ ರೀಫ್ ಟ್ಯಾಂಕಿಗೆ ಬಿದ್ರೆ ಕಲ್ಲು ಮರಳು ಹೀರ್ಕೊಂಡು ಆಮೇಲೂ ಬಿಡ್ತಾ ಇರತ್ತೆ. ವೇವ್‌ಮೇಕರ್ (ಟ್ಯಾಂಕೊಳಗೆ ನೀರು ಹರಿಸೋ ಪಂಪು), ಗಾಜು ಉಜ್ಜೋ ಮ್ಯಾಗ್ನೆಟ್ಟು ಎಲ್ಲಾ ಆಚೆ ತೆಗೆದು ಪ್ಲಾಸ್ಟಿಕ್ ಬಿರುಕು ಬಿಟ್ಟು ತುಕ್ಕಿನ ಬಣ್ಣ ಕಾಣತ್ತಾ ನೋಡಿ. ಅನುಮಾನ ಬಂದ್ರೆ ನೀರಿನ ಕಲ್ಮಶ ಹೀರೋ ಪಾಲಿಫಿಲ್ಟರ್ ಅನ್ನೋ ಪ್ಯಾಡ್ ಇಡಿ, ತಾಮ್ರ ಇದ್ರೆ ಅದು ನೀಲಿ ತಿರುಗತ್ತೆ, ಜೊತೆಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ ದೊಡ್ಡ ವಾಟರ್ ಚೇಂಜ್ ಮಾಡಿ.

ಗಾಳೀನೂ ನೀರಿನ ಲೆಕ್ಕಕ್ಕೇ ಬರತ್ತೆ. ಗಾಳಿಗುಳ್ಳೆ ಎಬ್ಬಿಸಿ ನೀರಿನ ಕೊಳೆ ತೆಗೆಯೋ ಸ್ಕಿಮ್ಮರ್ ರೂಮಿನ ಗಾಳೀನೇ ಎಳೆದು ನೀರಿಗೆ ಬೆರೆಸೋದು, ಹಾಗಾಗಿ ಸೊಳ್ಳೆ ಸ್ಪ್ರೇ, ಪೇಂಟು, ಬೀದೀಲಿ ಫಾಗಿಂಗ್ ಇರೋ ಹೊತ್ತಲ್ಲಿ ಅದನ್ನ ಆಫ್ ಮಾಡಿ ಟ್ಯಾಂಕ್ ಮುಚ್ಚಿ. ನೀರಿಗೆ ಆಮ್ಲಜನಕ ಬೇಕಲ್ವಾ, ವೇವ್‌ಮೇಕರ್ ಮಾತ್ರ ಓಡ್ತಿರ್ಲಿ.

ಟೆಸ್ಟ್ ಕಿಟ್

ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8-9 ಡಿಕೆಎಚ್ (ಅದರ ಅಳತೆ), ನೈಟ್ರೇಟ್ 5-10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1. ಮೆತ್ತನೆ ಹವಳಕ್ಕೆ ಇಷ್ಟು ಸಾಕು, ಕ್ಯಾಲ್ಸಿಯಂ 400ರ ಮೇಲಿದ್ರೆ, ಮೆಗ್ನೀಶಿಯಂ 1250ರ ಮೇಲಿದ್ರೆ ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆ ಬಂದ್ರೆ ಖುಷಿ ಪಡೋ ವಿಷಯ ಅಲ್ಲ, ಹವಳ ಹಸಿದು ಬಿಳುಚತ್ತೆ, ಮರಳ ಮೇಲೆ ಗುಳ್ಳೆ ಕಟ್ಟಿರೋ ಕಂದು ಲೋಳೆ ಎಳೆ ಎಳೆಯಾಗಿ ಬೆಳೆಯೋಕೆ ಶುರುವಾಗತ್ತೆ, ಅದು ಡೈನೋಫ್ಲ್ಯಾಜೆಲೇಟ್ ಅನ್ನೋ ಸೂಕ್ಷ್ಮಜೀವಿ. ಆಗ ಮೀನಿಗೆ ಊಟ ಸ್ವಲ್ಪ ಜಾಸ್ತಿ ಹಾಕಿ, ಫಾಸ್ಫೇಟ್ ತೆಗೆಯೋ ಮೀಡಿಯಾ ಇದ್ರೆ ಆಚೆ ತೆಗೀರಿ. ಲೈಟು ಹೊಸದಾಗಿದ್ರೆ ಅರ್ಧಕ್ಕೆ ಇಳಿಸಿ ವಾರಗಳ ಮೇಲೆ ನಿಧಾನಕ್ಕೆ ಏರಿಸಿ, ಮಶ್ರೂಮ್ ಅಂತೂ ನೆರಳಲ್ಲೇ ಚೆನ್ನಾಗಿರತ್ತೆ.

ಝೋವಾ ಮಾತ್ರ ಮುಚ್ಚಿದ್ರೆ

ಲೈಟ್ ಆಫ್ ಆಗಿ ಒಂದೆರಡು ಗಂಟೆ ಆದ್ಮೇಲೆ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಝೋವಾ ತಿನ್ನೋ ನ್ಯೂಡಿಬ್ರಾಂಕ್ ಅಂತ ಒಂದು ಹುಳ ಇದೆ, ಯಾವ ಬಣ್ಣದ ಝೋವಾ ತಿನ್ನತ್ತೋ ಅದೇ ಬಣ್ಣ ಮೈಗೆ ಬಂದಿರತ್ತೆ, ಹಗಲಲ್ಲಿ ಕಣ್ಣಿಗೇ ಬೀಳಲ್ಲ, ಪಾಲಿಪ್ ಬುಡದಲ್ಲಿ ಸುರುಳಿ ಸುತ್ತಿದ ಸಣ್ಣ ಮೊಟ್ಟೆ ಇಟ್ಟಿರತ್ತೆ. ಬೇರೆ ಬಟ್ಟಲಲ್ಲಿ ಟ್ಯಾಂಕ್ ನೀರು ತಗೊಂಡು ಕೋರಲ್ ಡಿಪ್ (ಹವಳದ ಹುಳ ತೆಗೆಯೋ ಔಷಧಿ) ಬೆರೆಸಿ, ಬಾಟ್ಲಿ ಮೇಲೆ ಹೇಳಿರೋಷ್ಟು ಹೊತ್ತು ಅದ್ದಿ ಅಲ್ಲಾಡ್ಸಿ. ಡಿಪ್‌ಗೆ ಮೊಟ್ಟೆ ಸಾಯಲ್ಲ, ಹಾಗಾಗಿ ಕೈಲಿ ತೆಗೀಬೇಕು, 5-7 ದಿನಕ್ಕೆ ಮತ್ತೆ ಅದ್ದಬೇಕು.

ಇಲ್ಲೊಂದು ಗಂಭೀರವಾದ ಎಚ್ಚರಿಕೆ. ಝೋವಾ, ಅದರ ಹತ್ತಿರದ ಜಾತಿ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರೀ ವಿಷ ಇರಬಹುದು. ಗ್ಲೌಸ್, ಕನ್ನಡಕ ಇಲ್ದೆ ಮುಟ್ಬೇಡಿ, ಅವು ಅಂಟಿರೋ ಕಲ್ಲನ್ನ ಬಿಸಿನೀರಲ್ಲಿ ಕುದಿಸೋದು, ಬ್ರಷ್ಷಲ್ಲಿ ಉಜ್ಜೋದು ಯಾವತ್ತೂ ಬೇಡ, ಆ ಆವಿ ಉಸಿರಲ್ಲಿ ಹೋದ್ರೆ ಇಡೀ ಮನೆಯವರು ಆಸ್ಪತ್ರೆ ಸೇರೋ ಹಾಗಾಗತ್ತೆ. ಕೆಲಸ ಆದ್ಮೇಲೆ ಉಸಿರಾಟ ಕಷ್ಟ ಆದ್ರೆ, ಕಣ್ಣು ಉರಿದ್ರೆ ತಕ್ಷಣ ಡಾಕ್ಟರ್ ಹತ್ರ ಹೋಗಿ ಹವಳ ಮುಟ್ಟಿದ್ದೆ ಅಂತ ಹೇಳಿ.

ಕಾರಣ ಸಿಕ್ಕಿದ್ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ನಾಲ್ಕೈದು ದಿನ ಕಾಯಿರಿ, ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದು ನಾಟ್ತು ಅಂತ ಗೊತ್ತಾಗಲ್ಲ. ವಿಷದ ಅನುಮಾನ ಇಲ್ದಿದ್ರೆ ವಾರಕ್ಕೆ 10-15 ಪರ್ಸೆಂಟ್ ನೀರು ಬದಲಾಯಿಸಿ, ಹೊಸ ನೀರಿನ ಉಪ್ಪೂ ಬಿಸೀನೂ ಟ್ಯಾಂಕಿಗೆ ಸರಿಹೊಂದಿರ್ಲಿ. ಕೊಳೆತು ಲೋಳೆ ಬಿಡ್ತಿರೋ ಭಾಗ ಇದ್ರೆ ಚೂಪಾದ ಬ್ಲೇಡಲ್ಲಿ ಕತ್ತರಿಸಿ ಆಚೆ ಹಾಕಿ, ಅದು ಪಕ್ಕದ್ದನ್ನೂ ಹಾಳು ಮಾಡತ್ತೆ. ಕರೆಂಟ್ ಹೋದಾಗ ವೇವ್‌ಮೇಕರ್ ನಿಲ್ಲದ ಹಾಗೆ ಅದರ ಪ್ಲಗ್ಗನ್ನ ಮನೆಯ ಯುಪಿಎಸ್ ಲೈನಿಗೆ ಹಾಕಿಸ್ಕೊಳಿ, ಹೀಟರ್ ಮತ್ತು ಲೈಟು ಆ ಲೈನಿಗೆ ಬೇಡ, ಬ್ಯಾಟರಿ ಬೇಗ ಖಾಲಿ ಆಗತ್ತೆ.