ಗೆಳೆಯರ ಗುಂಪು ಕಡಲಿಗೆ ಇಳಿಯುವ ಮುನ್ನ

ಕಾಲೇಜು ಗೆಳೆಯರೆಲ್ಲ ಸೇರಿ ವಾರಾಂತ್ಯಕ್ಕೆ ಕಡಲತಡಿಯ ಊರಿಗೆ ಹೊರಡುತ್ತಾರೆ. ಯಾವ ಬಸ್ಸು, ಎಂಥ ರೂಮು, ಸ್ಪೀಕರ್ ಯಾರು ತರಬೇಕು ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಸಮುದ್ರದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಊರು ತಲುಪಿದ್ದೇ ತಡ, ಬ್ಯಾಗ್ ಎಸೆದು ನೀರಿಗೆ ಓಡುತ್ತಾರೆ. ಆ ಓಟ ನೋಡಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಉಳಿದದ್ದನ್ನು ಬೇಗ ಮುಗಿಸಿ, ನೀರಿನ ವಿಷಯಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

1. ದಿನ ಗೊತ್ತುಮಾಡಿ

ಎಲ್ಲರಿಗೂ ಹೊಂದುವ ದಿನ ಸಿಗುವುದೇ ಇಲ್ಲ. ಮೂರು ತಾರೀಕು ಮುಂದಿಡಿ. ಹೆಚ್ಚು ಜನ ಒಪ್ಪಿದ್ದೇ ಖಾಯಂ, ಮತ್ತೆ ಬದಲಿಸಬೇಡಿ.

ತಾರೀಕಿನ ಜೊತೆಗೇ ಉಬ್ಬರ ಇಳಿತದ ವೇಳೆ ನೋಡಿಟ್ಟುಕೊಳ್ಳಿ. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಶನಿವಾರದ ವೇಳೆ ಭಾನುವಾರಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಮಾಮೂಲಿಗಿಂತ ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಬಂಡೆ ಸುತ್ತಿಕೊಂಡು ಪಕ್ಕದ ಬೀಚಿಗೆ ಹೋಗುವ ಅಡ್ಡದಾರಿಯನ್ನು ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಹೋಗುವಾಗ ಒಣಗಿದ್ದ ದಾರಿ ಬರುವಾಗ ನೀರಿನಡಿ ಇರಬಹುದು. ಆ ದಾರಿ ಬೇಡ. ದೂರವಾದರೂ ಮೇಲಿನ ರಸ್ತೆಯಲ್ಲೇ ಹೋಗಿ.

2. ರೂಮು, ದುಡ್ಡು, ಬ್ಯಾಗು

ರೂಮು ಬೀಚಿಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಸಾಕು. ಕಿಟಕಿಯಿಂದ ಕಡಲು ಕಾಣಬೇಕು ಅಂತ ಹೆಚ್ಚಿಗೆ ಕೊಡಬೇಡಿ, ಹಗಲಿಡೀ ನೀವು ರೂಮಿನಲ್ಲಿ ಇರುವುದೇ ಇಲ್ಲ. ದುಡ್ಡು ಮೊದಲೇ ಒಟ್ಟು ಮಾಡಿ ಒಬ್ಬರ ಕೈಗೆ ಕೊಡಿ.

ಫೋನಿಗೆ ಅಗ್ಗದ ಪ್ಲಾಸ್ಟಿಕ್ ಚೀಲ ಕೊಳ್ಳುವವರು ಮನೆಯಲ್ಲೇ ಅದರೊಳಗೆ ಒಣ ಟಿಶ್ಯೂ ಇಟ್ಟು, ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿ ನೋಡಿ. ಟಿಶ್ಯೂ ಒದ್ದೆಯಾದರೆ ಚೀಲ ವಾಪಸ್. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲಿನದ್ದೇ ಇರಲಿ. ಹೊರಡುವ 15 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನೀರಿನಿಂದ ಎದ್ದು ಬಂದ ಮೇಲಂತೂ ಹಚ್ಚಲೇಬೇಕು. ಇಡೀ ದಿನ ನೀರಲ್ಲೂ ಹೋಗಲ್ಲ ಅಂತ ಹೇಳಿ ಮಾರುವುದನ್ನು ನಂಬಬೇಡಿ.

3. ನೀರನ್ನು ಓದಿ

ಎಲ್ಲರೂ ಎಡವುವುದು ಇಲ್ಲಿ. ಬೀಚಿಗೆ ಹೋದ ಕೂಡಲೇ ಇಳಿಯಬೇಡಿ. ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ಸುಮ್ನೆ ನೋಡಿ. ನೀವು ಹುಡುಕಬೇಕಾದದ್ದು ರಿಪ್ ಕರೆಂಟ್ ಅನ್ನುವ ಸೆಳವನ್ನು.

ಅಲೆಗಳು ನೀರನ್ನು ದಡಕ್ಕೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಬೇಕಲ್ವಾ? ನೀರಿನೊಳಗಿನ ಮರಳುದಿಬ್ಬದಲ್ಲಿ ತಗ್ಗು ಸಿಕ್ಕಿದ ಕಡೆ ಅದು ಕಿರಿದಾದ ಹೊಳೆಯ ಹಾಗೆ ಕಡಲಿನತ್ತ ನುಗ್ಗುತ್ತದೆ. ಅಲೆ ಒಡೆಯುವುದು ಆಳ ಕಡಿಮೆ ಇರುವ ದಿಬ್ಬದ ಮೇಲೆ. ತಗ್ಗಿನಲ್ಲಿ ಆಳ ಜಾಸ್ತಿ, ಹಾಗಾಗಿ ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ನೊರೆಯ ಎರಡು ಪಟ್ಟಿಗಳ ನಡುವೆ ಶಾಂತವಾಗಿ, ಸ್ವಲ್ಪ ಗಾಢ ಬಣ್ಣದಲ್ಲಿ ಕಾಣುವ ಜಾಗವೇ ಸೆಳವಿನ ಜಾಗ. ಹೊಸಬರು ಅಲೆ ಇಲ್ಲ ಅಂತ ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಕಲಕಿದ ಮರಳು, ನೊರೆ, ಕಡಲಕಳೆ ದಡದಿಂದ ಒಳಕ್ಕೆ ಸಾಗುತ್ತಿದ್ದರೂ ಅದೇ ಗುರುತು. ಆದರೆ ಪ್ರತಿ ಸೆಳವೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಲೈಫ್‌ಗಾರ್ಡ್ ಇರುವ ಬೀಚನ್ನೇ ಆರಿಸಿ ಅನ್ನುವುದು ಅದಕ್ಕೇ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಿ. ಕೆಂಪು ಬಾವುಟ ಹಾರುತ್ತಿದ್ದರೆ ಅವತ್ತು ನೀರು ಬೇಡ.

ಸೆಳವಿಗೆ ಸಿಕ್ಕಿಬಿದ್ದರೆ? ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುವುದೂ ಉಂಟು. ಒಲಿಂಪಿಕ್ಸ್ ಈಜುಗಾರರಿಗೂ ಅದರ ಎದುರು ಈಜಿ ಗೆಲ್ಲುವುದು ಕಷ್ಟ. ದಡದ ಕಡೆಗೇ ನೇರವಾಗಿ ಈಜಲು ಹೋಗಿ, ಸುಸ್ತಾಗಿ ಮುಳುಗುವವರೇ ಹೆಚ್ಚು. ಈ ಸೆಳವು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಮೊದಲು ಅಂಗಾತ ಮಲಗಿ ತೇಲಿ, ಉಸಿರು ಹಿಡಿತಕ್ಕೆ ಬರಲಿ. ಒಂದು ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳವು ಬಿಟ್ಟ ಮೇಲೆ ಅಲೆ ಒಡೆಯುವ ಕಡೆಯಿಂದ ಓರೆಯಾಗಿ ದಡಕ್ಕೆ ಬನ್ನಿ. ಆಗಲಿಲ್ಲವಾದರೆ ತೇಲುತ್ತಲೇ ಇದ್ದು ಸಹಾಯಕ್ಕೆ ಕಾಯಿರಿ. ಇದನ್ನು ರೂಮಿನಲ್ಲೇ ಎಲ್ಲರ ಬಾಯಿಂದ ಒಮ್ಮೆ ಹೇಳಿಸಿ.

ಗೆಳೆಯರ ಗುಂಪಿಗೆ ಇನ್ನೊಂದು ಅಪಾಯವಿದೆ. ಒಬ್ಬ ಮುಳುಗುತ್ತಿದ್ದರೆ ಪ್ರೀತಿಯಿಂದ ಇನ್ನೊಬ್ಬ ಹಾರುತ್ತಾನೆ, ಅವನ ಹಿಂದೆ ಮತ್ತೊಬ್ಬ. ಕಾಪಾಡಲು ಹೋದವರೂ ಹೀಗೆಯೇ ಜೀವ ಕಳೆದುಕೊಳ್ಳುತ್ತಾರೆ. ಹಾರಬೇಡಿ. ಲೈಫ್‌ಗಾರ್ಡ್‌ಗೆ ಕೂಗಿ, ತೇಲುವ ಏನನ್ನಾದರೂ ಅವನತ್ತ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಆದರೂ ಸರಿ. ಒಬ್ಬರು ಅವನ ಮೇಲಿಟ್ಟ ಕಣ್ಣು ತೆಗೆಯದೆ ಬೆರಳು ತೋರಿಸುತ್ತಾ ನಿಲ್ಲಲಿ.

ಮುಳುಗುವವರು ಕಿರುಚಾಡುತ್ತಾರೆ ಅಂದುಕೊಳ್ಳಬೇಡಿ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಬಿಡುವಿಲ್ಲ, ಕೂಗುವುದು ಎಲ್ಲಿಂದ? ತಲೆ ಹಿಂದಕ್ಕೆ ವಾಲಿದ್ದು, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿದ್ದು, ಕರೆದರೂ ಉತ್ತರ ಬಾರದಿದ್ದರೆ ಅದು ಆಟವಲ್ಲ. ಅದಕ್ಕೇ ಯಾವಾಗಲೂ ಇಬ್ಬರು ದಡದಲ್ಲಿ ಕೂತಿರಬೇಕು, ಸರದಿ ಪ್ರಕಾರ. ಅವರ ಕೆಲಸ ತಲೆ ಎಣಿಸುವುದು, ಫೋನ್ ನೋಡುವುದಲ್ಲ.

ಕುಡಿದವರು ನೀರಿಗೆ ಇಳಿಯಬಾರದು, ಕಾಲು ನೆನೆಸುವಷ್ಟೂ ಬೇಡ. ಕತ್ತಲಾದ ಮೇಲೆ ಯಾರೂ ಇಳಿಯಬಾರದು. ಗಾಳಿ ತುಂಬುವ ಟ್ಯೂಬು, ಹಾಸಿಗೆಗಳನ್ನು ಕೊಳ್ಳಲೇಬೇಡಿ. ದಡದಿಂದ ಕಡಲಿನತ್ತ ಗಾಳಿ ಬೀಸಿದರೆ ನೋಡನೋಡುತ್ತಲೇ ಅವು ದೂರ ಹೋಗುತ್ತವೆ. ಈಜು ಬಾರದವರು ಅವುಗಳನ್ನೇ ನಂಬಿ ಆಳಕ್ಕೆ ಹೋಗಿರುತ್ತಾರೆ. ಈಜು ಬಾರದವರಿಗೆ ಮೊಣಕಾಲುದ್ದದ ನೀರು ಸಾಕು, ಅದೂ ಬಾವುಟಗಳ ನಡುವೆಯೇ.

4. ಹೊರಡುವ ದಿನ

ಬೆಳಗ್ಗೆ ಬೇಗ ಒಂದು ಸುತ್ತು ನೀರು, ಆಮೇಲೆ ಸಿಹಿನೀರಿನ ಸ್ನಾನ. ಒದ್ದೆ ಬಟ್ಟೆಗೆ ಬೇರೆ ಚೀಲ. ಉಪ್ಪುನೀರು ತಾಗಿದ ಫೋನಿನ ಚಾರ್ಜಿಂಗ್ ತೂತು ಪೂರ್ತಿ ಒಣಗುವವರೆಗೆ ಚಾರ್ಜರ್ ಚುಚ್ಚಬೇಡಿ. ಖರ್ಚಿನ ಲೆಕ್ಕವನ್ನು ವಾಪಸ್ ಬರುವ ಬಸ್ಸಿನಲ್ಲೇ ಮುಗಿಸಿ. ಮನೆಗೆ ಹೋದ ಮೇಲೆ ಅದನ್ನು ಕೇಳುವುದೂ ಮುಜುಗರ, ಕೊಡುವವರಿಗೆ ನೆನಪೂ ಇರುವುದಿಲ್ಲ.