ಒಂದು ಅವರದ್ದು, ಎರಡು-ಮೂರು ನಮ್ಮದು

ಜನವರಿ 6 ಜರ್ಮನಿಯ ಈ ಭಾಗದಲ್ಲಿ ಸರ್ಕಾರಿ ರಜೆ. ಸ್ಟುಟ್‌ಗಾರ್ಟ್ ಹತ್ತಿರದ ನಮ್ಮ ಊರಿನ ಹವ್ಯಾಸಿ ಆರ್ಕೆಸ್ಟ್ರಾ ಹೊಸ ವರ್ಷದ ಕಚೇರಿ ಕೊಡುವುದು ಅವತ್ತೇ ಸಂಜೆ. ವಿಯೆನ್ನಾದ ಸಂಗೀತಗಾರರಾದ ಸ್ಟ್ರೌಸ್ ಮನೆತನದ ವಾಲ್ಟ್ಸ್, ಪೋಲ್ಕಾ ಎಂಬ ಕುಣಿತದ ಸಂಗೀತ, ಒಂದೆರಡು ಓವರ್ಚರ್ (ನಾಟಕದ ಮುನ್ನುಡಿ ಸಂಗೀತ), ಮಧ್ಯದ ಬಿಡುವಿನಲ್ಲಿ ವೈನ್. ಜನವರಿ 1ರಂದು ವಿಯೆನ್ನಾ ಫಿಲ್‌ಹಾರ್ಮೋನಿಕ್‌ನವರ ಕಚೇರಿಯನ್ನು ಟಿವಿಯಲ್ಲಿ ನೋಡಿದ ಜನರೇ ಐದು ದಿನ ಬಿಟ್ಟು ನಮ್ಮದಕ್ಕೂ ಬರುತ್ತಾರೆ. ಹೋಲಿಸದೆ ಇರುತ್ತಾರಾ?

ನಾನು ಮೈಸೂರಿನಲ್ಲಿ ಹತ್ತು ವರ್ಷ ಕರ್ನಾಟಕ ಶೈಲಿಯ ಪಿಟೀಲು ಕಲಿತವನು. ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ ನುಡಿಸಿದ ಅಭ್ಯಾಸ. ಇಲ್ಲಿ ಅದನ್ನು ಗಲ್ಲದ ಕೆಳಗೆ ಹಿಡಿಯುವುದಕ್ಕೇ ಒಂದು ವರ್ಷ ಹಿಡಿಯಿತು. ಧೈರ್ಯಕ್ಕೆ ಇದ್ದದ್ದು ಮುತ್ತಯ್ಯ ಭಾಗವತರು ಶಂಕರಾಭರಣದಲ್ಲಿ ಪಾಶ್ಚಾತ್ಯ ಧಾಟಿಯಲ್ಲಿ ಕಟ್ಟಿದ 'ಇಂಗ್ಲಿಷ್ ನೋಟ್' ಒಂದೇ. ಶಂಕರಾಭರಣ ಅಂದ್ರೆ ಇವರ ಮೇಜರ್ ಸ್ಕೇಲ್ ತಾನೇ, ಸ್ಟ್ರೌಸ್‌ನ ಬ್ಲೂ ಡ್ಯಾನ್ಯೂಬ್ ವಾಲ್ಟ್ಸ್ ಏನು ಮಹಾ ಅಂದುಕೊಂಡಿದ್ದೆ.

ನನ್ನನ್ನು ಸೆಕೆಂಡ್ ವಯಲಿನ್‌ಗೆ ಹಾಕಿದರು. ಅಲ್ಲಿಗೆ ರಾಗದ ಮಾತೇ ಮುಗಿಯಿತು.

ವಾಲ್ಟ್ಸ್‌ನಲ್ಲಿ ಮೂರು ಪೆಟ್ಟಿನ ಎಣಿಕೆ. ಅದರಲ್ಲಿ 'ಒಂದು' ಅನ್ನುವುದು ದಪ್ಪ ದನಿಯ ಚೆಲ್ಲೋ ಮತ್ತು ಬೇಸ್‌ನವರದ್ದು. ಹಾಡು ಫಸ್ಟ್ ವಯಲಿನ್‌ನವರದ್ದು. ನಾವು ಮತ್ತು ವಯೋಲಾದವರು 'ಎರಡು-ಮೂರು' ಮಾತ್ರ. ಪುಟಗಟ್ಟಲೆ ಎರಡು-ಮೂರು. ಕೈಯಲ್ಲಿ ತಾಳ ಹಾಕಿ ಬೆಳೆದವನಿಗೆ ಪ್ರತಿ ಸಲ ಮೊದಲ ಪೆಟ್ಟು ಬಿಡುವುದು ಎಷ್ಟು ಕಷ್ಟ ಗೊತ್ತಾ? ಕೈ ಸುಮ್ಮನಿದ್ದರೆ ಕಾಲು ಶುರು ಮಾಡುತ್ತಿತ್ತು. ಎರಡನೇ ರಿಹರ್ಸಲ್‌ನಲ್ಲಿ ಪಕ್ಕದ ಕುರ್ಚಿಯ ಹಿರಿಯರು ಏನೂ ಹೇಳದೆ ಮೆಲ್ಲಗೆ ನನ್ನ ಬೂಟಿನ ಮೇಲೆ ತಮ್ಮ ಬೂಟು ಇಟ್ಟರು.

ಇನ್ನೊಂದು ತಕರಾರು. ವಿಯೆನ್ನಾದವರ ಪದ್ಧತಿಯಲ್ಲಿ ಆ 'ಎರಡು' ತನ್ನ ಜಾಗಕ್ಕಿಂತ ಚೂರು ಮುಂಚೆ ಬರಬೇಕು, 'ಮೂರು' ತನ್ನ ಜಾಗದಲ್ಲೇ ಇರಬೇಕು. ಎಷ್ಟು ಮುಂಚೆ? ನೋಟ್ಸ್‌ನಲ್ಲಿ ಬರೆದಿರುವುದಿಲ್ಲ. ನಾನು ಮೊಬೈಲ್‌ನಲ್ಲಿ ಒಂದೇ ಸಮ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಹಾಕಿಕೊಂಡು ವಾರವಿಡೀ ಅಭ್ಯಾಸ ಮಾಡಿ ಹೋದೆ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ನಿಲ್ಲಿಸಿ, ಹಿಂದಿನ ಸಾಲಿನಲ್ಲಿ ಯಾರೋ ಮೊಳೆ ಹೊಡೀತಿದ್ದಾರೆ ಅಂದರು.

ಕೊನೆಗೆ ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಹೆಂಡತಿ ಚಪಾತಿ ಲಟ್ಟಿಸುತ್ತಾ 'ಒಂದು' ಅನ್ನುವುದು, ನಾನು ಬಾಗಿಲಲ್ಲಿ ನಿಂತು 'ಎರಡು-ಮೂರು' ನುಡಿಸುವುದು. ಅವಳ ಒಂದು ಯಾವತ್ತೂ ಒಂದೇ ಸಮ ಬರುತ್ತಿರಲಿಲ್ಲ. ಹಿಟ್ಟು ಉದುರಿಸುವಾಗ ತಡ, ಲಟ್ಟಣಿಗೆ ಒತ್ತಿದಾಗ ಬೇಗ. ಎಣಿಸುವುದನ್ನು ಬಿಟ್ಟು ಅವಳ ದನಿಯನ್ನು ಕೇಳಿ ನುಡಿಸಲೇಬೇಕಾಯಿತು. ಮುಂದಿನ ರಿಹರ್ಸಲ್‌ನಲ್ಲಿ ಕಿವಿಯನ್ನು ಬೇಸ್‌ನವರ ಕಡೆಗೇ ಇಟ್ಟೆ. ಕಮಾನನ್ನು ಹಿಡಿಯ ಹತ್ತಿರವೇ ಇಟ್ಟು, ತಂತಿಯಿಂದ ಎತ್ತದೆ, ಎರಡಿಂಚಿನಷ್ಟು ಮಾತ್ರ ಎಳೆದೆ. ಕಂಡಕ್ಟರ್ ನನ್ನ ಕಡೆ ತಿರುಗಲಿಲ್ಲ. ಅದೇ ಸಾಕಾಗಿತ್ತು.

ಗಮಕದ ಕಥೆ ಬೇರೆ. ನನಗೆ ಅಪರೂಪಕ್ಕೆ ಹಾಡು ಸಿಗುವ ಒಂದು ಜಾಗದಲ್ಲಿ, ಸ್ವರದಿಂದ ಸ್ವರಕ್ಕೆ ಸ್ವಲ್ಪ ಜಾರಿ ಅಂತ ಕಂಡಕ್ಟರೇ ಕೇಳಿದರು. ಆಹಾ, ಅಂತ ಜಾರಿದೆ ನೋಡಿ. ಇಡೀ ವಿಭಾಗ ತಿರುಗಿ ನೋಡಿತು. ಅಷ್ಟು ಬೇಡ, ಅದರಲ್ಲಿ ಕಾಲು ಭಾಗ ಸಾಕು ಅಂದರು.

ಕಚೇರಿಯ ದಿನ ಎಡವಟ್ಟಾಗಿದ್ದು ನಾನು ನೆನೆಸದ ಕಡೆ. ಪಿಜಿಕಾಟೋ ಪೋಲ್ಕಾ 1869ರಲ್ಲಿ ಸ್ಟ್ರೌಸ್ ಅಣ್ಣತಮ್ಮ, ಯೋಹಾನ್ ಮತ್ತು ಯೋಸೆಫ್, ಕೂಡಿ ಬರೆದದ್ದು. ಪೂರ್ತಿ ಬೆರಳಲ್ಲಿ ಮೀಟುವುದು. ಕಮಾನು ಬೇಡ ಅಂತ ತೊಡೆ ಮೇಲೆ ಇಟ್ಟುಕೊಂಡೆ. ಹೊಸ ಕಪ್ಪು ಪ್ಯಾಂಟು, ನುಣುಪು ಬಟ್ಟೆ. ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಿಸುವ ಒಂದು ಜಾಗವಿದೆ. ಸರಿಯಾಗಿ ಅಲ್ಲೇ ಕಮಾನು ಜಾರಿ ಮರದ ವೇದಿಕೆ ಮೇಲೆ ಟಣ್ ಅಂತ ಬಿತ್ತು. ಕಂಡಕ್ಟರ್ ಕೈ ಹಾಗೇ ಮೇಲೆ ನಿಲ್ಲಿಸಿ, ನಾನು ಬಗ್ಗಿ ಎತ್ತಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಿನ ಸ್ವರ ಕೊಟ್ಟರು. ಸಭೆಗೆ ಇದೂ ಪೋಲ್ಕಾದ ಭಾಗ ಅನಿಸಿರಬೇಕು, ಜೋರಾಗಿ ನಕ್ಕರು. ಈಗ ಕಮಾನನ್ನು ಸ್ಟ್ಯಾಂಡಿನ ಅಂಚಿನಲ್ಲಿ ಇಡುತ್ತೇನೆ.

ಕೊನೆಗೆ ವಿಯೆನ್ನಾದ ಸಂಪ್ರದಾಯದಂತೆ ಬ್ಲೂ ಡ್ಯಾನ್ಯೂಬ್, ಅದರ ಹಿಂದೆ ರಾಡೆಟ್ಸ್ಕಿ ಮಾರ್ಚ್. ಮಾರ್ಚ್ ಬರೆದದ್ದು ಅಪ್ಪ ಸ್ಟ್ರೌಸ್, 1848ರಲ್ಲಿ. ಇದಕ್ಕೆ ಸಭೆಯೇ ಚಪ್ಪಾಳೆಯಲ್ಲಿ ತಾಳ ಹಾಕುತ್ತದೆ. ಕಂಡಕ್ಟರ್ ನಮಗೆ ಬೆನ್ನು ಹಾಕಿ ಜನರ ಕಡೆ ತಿರುಗುತ್ತಾರೆ, ಮೆತ್ತಗೆ, ಈಗ ಜೋರಾಗಿ ಅಂತ ಸನ್ನೆ ಮಾಡುತ್ತಾರೆ. ಚಪ್ಪಾಳೆ ಯಾವಾಗಲೂ ಮುಂದಕ್ಕೆ ಓಡುತ್ತದೆ. ಅವರ ಜೊತೆ ಓಡದೆ ಡ್ರಮ್‌ನವರನ್ನು ಹಿಡಿದುಕೊಳ್ಳುವುದೇ ಕೆಲಸ. ನನ್ನ ಕಾಲೂ ತಾಳ ಹಾಕುತ್ತಿತ್ತು. ಅವತ್ತು ಯಾರೂ ಬೂಟು ತುಳಿಯಲಿಲ್ಲ.

ವಿಡಿಯೋ ಮೈಸೂರಿಗೆ ಕಳಿಸಿದೆ. ಅಮ್ಮ ಪೂರ್ತಿ ನೋಡಿ ಫೋನ್ ಮಾಡಿದಳು. "ಎಲ್ಲರೂ ಅಷ್ಟು ಚೆನ್ನಾಗಿ ಉದ್ದುದ್ದ ಎಳೀತಿದ್ದಾರೆ. ನೀನ್ಯಾಕೋ ಸುಮ್ನೆ ಚಿಕ್ ಚಿಕ್ ಅಂತ ಕೂತಿದ್ದೀಯ? ಪಾಠ ಮರೆತುಹೋಯ್ತಾ?"