ಕಡಲಿಗೆ ಹಾಲು ಬಿಟ್ಟ ಮೇಲೆಯೇ ಬಲೆ
ಮಲ್ಪೆಯಲ್ಲಿ ನಮ್ಮದೊಂದು ಟ್ರಾಲ್ ಬೋಟ್ ಉಂಟು, ಅಪ್ಪ ಇಪ್ಪತ್ತೈದು ವರ್ಷ ಅದರ ತಾಂಡೇಲ, ಅಂದ್ರೆ ಬೋಟ್ ನಡೆಸುವವ, ಆಗಿದ್ರು, ಮಂಡಿನೋವು ಜೋರಾಗಿ ಬೋಟ್ ಹತ್ಲಿಕ್ಕೇ ಆಗದೆ ಇದ್ದಾಗ 2024ರ ಸಮುದ್ರ ಪೂಜೆಗೆ ಹಾಲಿನ ತಂಬಿಗೆ ಹಿಡ್ಕೊಂಡು ಹೋದದ್ದು ನಾನು. ತಾಂಡೇಲ ಆಗಿ ನನಗೂ ಅದೇ ಮೊದಲ ವರ್ಷ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮೀನು ಮೊಟ್ಟೆ ಇಡುವ ಸಮಯ ಅದು. ಆಗಸ್ಟ್ 1ಕ್ಕೆ ಹೋಗ್ಬಹುದು, ಆದ್ರೆ ನಮ್ಮ ಮನೆಯಲ್ಲಿ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಬಿಡದೆ ಬಲೆ ಬಿಡುವ ಕ್ರಮ ಇಲ್ಲ. ಆ ವರ್ಷ ಹುಣ್ಣಿಮೆ ಬಂದದ್ದು ಆಗಸ್ಟ್ 19ಕ್ಕೆ. ಭಟ್ಕಳ, ಹೊನ್ನಾವರದ ಹುಡುಗ್ರು ಆಗ್ಲೇ ಬಂದು ಬೋಟಲ್ಲೇ ಮಲಗ್ತಿದ್ರು, ಅವರ ಊಟದ ಖರ್ಚು, ಬ್ಯಾಂಕಿನ ಕಂತು, ಅದರ ಮೇಲೆ ಪಕ್ಕದ ಬೋಟಿನವ್ರು ದಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆಯಲ್ಲಿ) ಬಂಗುಡೆ ಇಳಿಸುವುದು ನೋಡಿ ತಡಿಲಿಕ್ಕೆ ಆಗ್ಲಿಲ್ಲ, ನಾವೂ ಹೋಗುವನಾ ಅಂತ ಅಪ್ಪನ ಹತ್ರ ಕೇಳಿಯೇ ಬಿಟ್ಟೆ.

"ಅಳಿವೆ ಬಾಗಿಲಿಗೆ ಹೋಗಿ ತೆರೆ ನೋಡಿ ಬಾ" ಅಂದ್ರು ಅಷ್ಟೇ.

ಹೊಳೆ ಕಡಲಿಗೆ ಸೇರುವ ಆ ಜಾಗಕ್ಕೆ ಹೋಗಿ ನೋಡಿದೆ, ತೆರೆ ಇನ್ನೂ ಗೋಡೆ ಹಾಗೆ ಎದ್ದು ಬರ್ತಿತ್ತು. ಮತ್ತೆ ಕೇಳ್ಲಿಲ್ಲ. ಬಲೆ ಹರಿದದ್ದೆಲ್ಲ ಹೊಲಿದು, ವಿಂಚಿನ ರೋಪ್ ಬದಲಿಸಿ, ಬೋಟಿಗೆ ಪೈಂಟ್ ಹೊಡೆದು ಕೂತೆವು.

ಹುಣ್ಣಿಮೆ ದಿನ ವಡಭಾಂಡೇಶ್ವರದ ಬಲರಾಮ ದೇವರಿಗೆ ಪ್ರಾರ್ಥನೆ ಮಾಡಿ ಅಲ್ಲಿಂದ ಭಜನೆ ಹೇಳ್ತಾ ಎಲ್ಲರೂ ಕಡಲ ಕಿನಾರೆಗೆ ನಡೆದೆವು, ಕೈಯಲ್ಲಿ ಹಾಲು, ಸೀಯಾಳ, ಹೂ, ಹಣ್ಣು. ನಾನು ಅವಸರದಲ್ಲಿ ಮರಳಲ್ಲೇ ನಿಂತು ಹಾಲು ಬಿಡ್ಲಿಕ್ಕೆ ಹೋದೆ, ಹಿರಿಯರೊಬ್ರು ಕೈ ಹಿಡಿದ್ರು. ಮೊಣಕಾಲು ಮುಳುಗುವಷ್ಟು ಇಳಿ, ತೆರೆ ಬಂದು ವಾಪಸ್ ಹೋಗುವಾಗ ಬಿಡು, ಆಗ ಕಡಲೇ ಒಳಗೆ ತಕೊಂಡು ಹೋಗ್ತದೆ ಅಂತ. ಹಾಗೇ ಮಾಡಿದೆ, ಬಿಳಿ ಗೆರೆ ಒಂದು ಕ್ಷಣ ಕಂಡು ಹೋಯ್ತು, ನನಗೆ ಕಣ್ಣಲ್ಲಿ ನೀರು ಬಂತು ಮಾರಾಯ್ರೆ. ಈ ನೀರಿಂದಲೇ ನಮ್ಮ ಮನೆ ಎದ್ದದ್ದು, ತಂಗಿ ಮದುವೆ ಆದದ್ದು.

ಒಂದು ಮಾತು, ಹೂ ತಂದ ಪ್ಲಾಸ್ಟಿಕ್ ತೊಟ್ಟೆ ದಯವಿಟ್ಟು ನೀರಿಗೆ ಬಿಡ್ಬೇಡಿ, ಸಿಗಡಿಗೆ ಬಲೆ ಎಳೆದ್ರೆ ಮೇಲೆ ಬರುವುದು ಅದೇ. ನಾನು ಅವತ್ತು ಒಂದು ಗೋಣಿ ತುಂಬ ಹೆಕ್ಕಿದೆ.

ಮರುದಿನ ಬೆಳಗಿನ ಜಾವ ಐಸ್, ಡೀಸೆಲ್ ತುಂಬಿಸಿ ಹೊರಟೆವು. ಬರುದು ಬೇಡ ಅಂದ್ರೂ ಕೇಳದೆ ಅಪ್ಪ ಕೋಲು ಊರಿಕೊಂಡು ದಕ್ಕೆಗೆ ಬಂದಿದ್ರು, ಕಟ್ಟಿದ ಹಗ್ಗ ಬಿಚ್ಚಿ ಎಸೆದದ್ದು ಅವರೇ.